ಪಂದಿ ಕರಿ ಜೊತೆ ಕ್ಯಾಬರ್ನೆನಾ, ಶಿರಾಜಾ? ನನ್ನ ವೋಟು ಶಿರಾಜ್‌ಗೆ

ಮೊದಲೇ ಹೇಳ್ಬಿಡ್ತೀನಿ, ಕೊಡವರ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಊಟಕ್ಕೆ, ಅಂದ್ರೆ ಪಂದಿ ಕರಿಗೆ (ಕೊಡಗಿನ ಹಂದಿ ಮಾಂಸದ ಸಾರು), ರೆಡ್ ವೈನ್ ಒಯ್ಯೋದಾದ್ರೆ ಶಿರಾಜ್ ಒಯ್ರಿ. ಶಿರಾಜ್, ಕ್ಯಾಬರ್ನೆ ಎರಡೂ ರೆಡ್ ವೈನ್ ಮಾಡೋ ದ್ರಾಕ್ಷಿ ತಳಿಗಳು, ವೈನಿಗೂ ಅದೇ ಹೆಸರು. ಈ ಸೆಪ್ಟೆಂಬರ್ 3ಕ್ಕೆ ಹೆಂಡ್ತಿ ಮನೆಗೆ, ವಿರಾಜಪೇಟೆ ಹತ್ರ, ಎರಡು ಬಾಟಲಿ ತಗೊಂಡು ಹೋಗಿದ್ದೆ. 1,800 ರೂಪಾಯಿಯ ಕ್ಯಾಬರ್ನೆ ಸಾವಿನ್ಯೋನ್ ಮಾವನಿಗೆ ಅಂತ ಆಸೆಪಟ್ಟು ತಗೊಂಡಿದ್ದು, ಅದರರ್ಧ ಬೆಲೆಯ ನಾಸಿಕ್ ಶಿರಾಜು ಸಾಲದೆ ಬಂದ್ರೆ ಇರ್ಲಿ ಅಂತ.

ಕ್ಯಾಬರ್ನೆನ ಮುಂಚೆನೇ ಬೆಂಗಳೂರಲ್ಲಿ ಒಂದು ಗ್ಲಾಸ್ ಕುಡಿದು ನೋಡಿದ್ದೆ, ಬರೀ ವೈನು, ಪಕ್ಕದಲ್ಲಿ ಒಂದು ತುಂಡು ಚೀಸು, ಎಷ್ಟು ಚೆನ್ನಾಗಿತ್ತು ಅಂದ್ರೆ ಅಲ್ಲೇ ಬಾಟಲಿ ಕಟ್ಟಿಸ್ಕೊಂಡೆ. ತಪ್ಪಾಗಿದ್ದು ಅಲ್ಲೇ.

ಯಾಕಂದ್ರೆ ಈ ದ್ರಾಕ್ಷಿ ಸಿಪ್ಪೆ ದಪ್ಪ, ಅದರಿಂದ ಬರೋ ಟ್ಯಾನಿನ್ ಅಂದ್ರೆ ನಮ್ಮ ನೇರಳೆ ಹಣ್ಣಿನ ಒಗರೇ. ಚೀಸಿನ ಕೊಬ್ಬು ಆ ಒಗರನ್ನ ಮೆತ್ತಗೆ ಮಾಡಿತ್ತು. ಇಲ್ಲಿ ಪಂದಿಯಲ್ಲೂ ಕೊಬ್ಬಿದೆಯಲ್ಲ, ಸರಿಹೋಗುತ್ತೆ ಅನ್ಕೊಂಡಿದ್ದೆ, ಆದ್ರೆ ಅತ್ತೆ ಮಾಡೋ ಕರಿಯಲ್ಲಿ ಹುರಿದ ಮಸಾಲೆ, ಮನೆ ತೋಟದ ಕಾಳುಮೆಣಸು, ಹಸಿಮೆಣಸು ಎಲ್ಲಾ ಧಾರಾಳ. ಖಾರ ನಾಲಿಗೆ ಮೇಲಿದ್ದಾಗ ಒಗರು ಇನ್ನೂ ಒಗರಾಗುತ್ತೆ, ಆಲ್ಕೋಹಾಲ್ ಬೇರೆ ಆ ಉರಿಗೆ ಉರಿ ಸೇರಿಸುತ್ತೆ, ನಮ್ಮ ಬಾಟಲಿ ಮೇಲೆ 14.5% ಅಂತಿತ್ತು. ಎರಡನೇ ಗುಟುಕಿಗೆ ಹಣ್ಣಿನ ರುಚಿ ಪೂರ್ತಿ ಮಾಯ, ಬರೀ ಕಹಿ. ಮಾವ ಏನೂ ಅನ್ನಲಿಲ್ಲ, ಗ್ಲಾಸ್ ಪಕ್ಕಕ್ಕಿಟ್ಟು ಕಡಂಬುಟ್ಟು (ಅಕ್ಕಿ ತರಿಯ ಉಂಡೆ) ಮುರಿದು ಗ್ರೇವಿಗೆ ಅದ್ದಿದ್ರು. ನನಗೆ ತುಂಬಾ ಬೇಜಾರಾಯ್ತು, ವೈನ್ ಕೆಟ್ಟದ್ದಲ್ಲ, ನಾನು ಊಟ ಬಿಟ್ಟು ವೈನ್ ಒಂದನ್ನೇ ಟೇಸ್ಟ್ ಮಾಡಿ ತಂದಿದ್ದೆ.

ಆಮೇಲೆ ಶಿರಾಜ್ ತೆಗೆದ್ವಿ. ಕಾಳುಮೆಣಸಿಗೆ ಆ ಘಮ ಕೊಡೋ ರೊಟಂಡೋನ್ ಅನ್ನೋ ಅಂಶ ಶಿರಾಜ್ ದ್ರಾಕ್ಷಿಯಲ್ಲೂ ಇರುತ್ತೆ, ಓದಿ ಗೊತ್ತಿತ್ತು, ಆವತ್ತು ಬಾಯಲ್ಲೇ ಗೊತ್ತಾಯ್ತು. ಈ ಬಾಟಲಿ 13%, ಒಗರು ಕಮ್ಮಿ, ಹಣ್ಣು ಜಾಸ್ತಿ. ಕರಿಗೆ ಹಾಕೋ ಕಾಚಂಪುಳಿಯ (ಕೊಡಗಿನ ಹಣ್ಣಿನ ಕಪ್ಪು ಹುಳಿರಸ) ಹುಳಿ ಮುಂದೆ ವೈನು ಸ್ವಲ್ಪ ಸಪ್ಪೆ ಅನ್ನಿಸಿದ್ದು ನಿಜ, ಅದಕ್ಕೆ ಹುಳಿ ಜಾಸ್ತಿ ಇರೋ ಸಾಂಜಿಯೊವೇಸೆ ಅನ್ನೋ ಇಟಲಿ ದ್ರಾಕ್ಷಿಯ ವೈನ್ ಇನ್ನೂ ಹೊಂದಬಹುದು, ನಮ್ಮ ಹಂಪಿ ಕಡೆನೇ ಕೃಷ್ಮಾ ಅನ್ನೋ ವೈನರಿಯವರು ಆ ದ್ರಾಕ್ಷಿ ಬೆಳೆದು ವೈನ್ ಮಾಡ್ತಾರೆ, ಹುತ್ತರಿ ಹಬ್ಬಕ್ಕೆ ಒಂದು ಬಾಟಲಿ ತರೋ ಆಸೆ ಇದೆ.

ದೊಡ್ಡತ್ತೆ ಮನೆಯಲ್ಲೇ ಮಾಡಿದ ದ್ರಾಕ್ಷಿ ವೈನೂ ಇತ್ತು. ಸಿಹಿ ಇರೋದ್ರಿಂದ ಖಾರ ತಣ್ಣಗಾಗುತ್ತೆ, ಆದ್ರೆ ನನಗೆ ಒಂದು ಗ್ಲಾಸ್ ಸಾಕು.

ಮಳೆಗೆ ಊರು ತಣ್ಣಗಿತ್ತು, ವೈನ್ ತಂಪು ಮಾಡೋಕೆ ಫ್ರಿಜ್ ಬೇಕಾಗ್ಲಿಲ್ಲ. ಬೆಂಗಳೂರಲ್ಲಾದ್ರೆ ಅರ್ಧ ಗಂಟೆ ಫ್ರಿಜ್ಜಲ್ಲಿಟ್ಟು ತೆಗೀರಿ.

ವರ್ಷಕ್ಕೆ ಮೂರ್ನಾಲ್ಕು ಬಾಟಲಿ ತಗೊಳ್ಳೋ, ಪ್ರತಿ ಸಲ ಖಾರದ ಊಟದ ಜೊತೆನೇ ಕುಡಿಯೋ ನನ್ನಂಥವನಿಗೆ ಸಾವಿರದೊಳಗಿನ ಶಿರಾಜ್ ಸಾಕು. ಉಳಿದ ಕ್ಯಾಬರ್ನೆ ಮಾರನೇ ದಿನ, ಬರೀ ಉಪ್ಪು ಹಾಕಿ ಸುಟ್ಟ ಮಾಂಸದ ಜೊತೆ ಮಾವನೇ ಕೇಳಿ ಹಾಕಿಸ್ಕೊಂಡು ಮುಗಿಸಿದ್ರು.