ಪೆಲೆಟ್ ತುಂಬಲು ಪೆನ್ನೋ, ಡಬ್ಬಿಯೋ, ಹಲಸಿನ ತುಂಡೋ

ಏರ್ ಪಿಸ್ತೂಲಿಗೆ ಪೆಲೆಟ್, ಅಂದರೆ ಸೀಸದ ಸಣ್ಣ ಗುಂಡು, ತುಂಬಲೆಂದು 600 ಚಿಲ್ಲರೆ ರೂಪಾಯಿ ಕೊಟ್ಟು ತರಿಸಿದ ಪೆಲೆಟ್ ಪೆನ್ನು ಈಗ ಅಕ್ಕನ ಮಗನ ಬಳಿ ಇದೆ. ನನ್ನ ಮೇಜಿನ ಮೇಲಿರುವುದು ಊರಿನ ಆಚಾರಿ 150 ರೂಪಾಯಿಗೆ ತೂತು ಕೊರೆದುಕೊಟ್ಟ ಹಲಸಿನ ಮರದ ತುಂಡು. ಮುಂದೆ ಓದುವ ಮೊದಲೇ ನನ್ನ ಪಕ್ಷಪಾತ ಯಾವ ಕಡೆಗಿದೆ ಎಂಬುದು ಗೊತ್ತಿರಲಿ.

ಶಿರಸಿಯ ಹತ್ತಿರದ ನಮ್ಮ ಮನೆಯಲ್ಲಿ ದನಗಳು ಹೋದ ಮೇಲೆ ಕೊಟ್ಟಿಗೆ ಖಾಲಿ ಬಿದ್ದಿತ್ತು. ಅಳೆದು ನೋಡಿದರೆ ಗೋಡೆಯಿಂದ ಗೋಡೆಗೆ 12 ಮೀಟರ್. 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸಕ್ಕೆ ಇಷ್ಟು ಸಾಕು. ಅಡಿಕೆ ಕೆಲಸ ಮುಗಿದ ಸಂಜೆಗಳಲ್ಲಿ 60 ಹೊಡೆತ, ಅದೂ ಗಡಿಯಾರ ಇಟ್ಟುಕೊಂಡು. ಸ್ಪರ್ಧೆಯಲ್ಲಿ ಎಲೆಕ್ಟ್ರಾನಿಕ್ ಗುರಿಫಲಕದ ಮೇಲೆ 60 ಹೊಡೆತಕ್ಕೆ 75 ನಿಮಿಷ ಸಿಗುತ್ತದೆ. ಅಂದರೆ ಒಂದಕ್ಕೆ 75 ಸೆಕೆಂಡು.

ಅಕ್ಕನ ಮಗ ಒಮ್ಮೆ ಮೊಬೈಲ್ ಹಿಡಿದು ಬಂದ. "ಮಾವ, ಇದನ್ನು ನೋಡು" ಎಂದ. ಅಮೆರಿಕದ ಜೆರ್ರಿ ಮಿಕುಲೆಕ್ 1999ರಲ್ಲಿ ರಿವಾಲ್ವರಿನಿಂದ ಆರು ಗುಂಡು ಹಾರಿಸಿ, ಮತ್ತೆ ತುಂಬಿ, ಇನ್ನೂ ಆರು ಹಾರಿಸಲು ತೆಗೆದುಕೊಂಡದ್ದು ಒಟ್ಟು 2.99 ಸೆಕೆಂಡು. ಆರೂ ಗುಂಡುಗಳನ್ನು ತೆಳ್ಳನೆಯ ಲೋಹದ ಬಿಲ್ಲೆಯೊಂದು ಒಟ್ಟಿಗೆ ಹಿಡಿದಿರುತ್ತದೆ, ಇಡೀ ಗೊಂಚಲನ್ನೇ ಒಳಗೆ ಬಿಟ್ಟರಾಯಿತು. "ನೀನು ಒಂದು ಪೆಲೆಟ್ ಹಾಕುವಷ್ಟರಲ್ಲಿ ಅವನು ಮನೆಗೆ ಹೋಗಿ ಊಟ ಮಾಡಿರುತ್ತಾನೆ" ಎಂದು ಹುಡುಗ ನಕ್ಕ. ನಗಲಿ. ನನ್ನ ಆಟದಲ್ಲಿ ವೇಗ ಮುಖ್ಯವಲ್ಲ, ಬಲಗೈ ಹಿಡಿಕೆಯಿಂದ ಕದಲದಿರುವುದು ಮುಖ್ಯ. ಪಿಸ್ತೂಲಿನ ಮುಂಭಾಗ ಮೇಜಿನ ಮೇಲೆ, ಮೂತಿ ಗುರಿಯ ಕಡೆಗೇ. ಎಡಗೈಯಿಂದ ಲಿವರ್ ಎತ್ತಬೇಕು, ಪೆಲೆಟ್ ಹೆಕ್ಕಬೇಕು, ಇಡಬೇಕು, ಮುಚ್ಚಬೇಕು. ನಡುವೆ ಬಲಗೈಯ ಹಿಡಿತ ಒಂದು ಕೂದಲೆಳೆ ಸರಿದರೂ ಮುಂದಿನ ಹೊಡೆತ ಎಂಟು ಅಂಕದ ವೃತ್ತಕ್ಕೆ ಬೀಳುತ್ತದೆ. ಹತ್ತರ ವೃತ್ತದ ಅಗಲ ಬರೀ 11.5 ಮಿಲಿಮೀಟರ್, ಸಣ್ಣ ಗುಂಡಿಯಷ್ಟು.

ಮೊದಲು ಎಲ್ಲರಂತೆ ನಾನೂ ಡಬ್ಬಿಯಿಂದಲೇ ಹೆಕ್ಕುತ್ತಿದ್ದೆ. 500 ಪೆಲೆಟ್‌ಗಳು ಒಂದರ ಮೇಲೊಂದು ಬಿದ್ದಿರುತ್ತವೆ. ನನ್ನ ಹೆಬ್ಬೆರಳು ವರ್ಷಗಟ್ಟಲೆ ಅಡಿಕೆ ಸುಲಿದು ಕಪ್ಪಾಗಿ ಒರಟಾದದ್ದು, 4.5 ಮಿಲಿಮೀಟರಿನ ಸೀಸ ಸಿಕ್ಕಿತೋ ಇಲ್ಲವೋ ಎಂಬುದು ಅದಕ್ಕೆ ತಿಳಿಯುವುದೇ ಇಲ್ಲ. ಕತ್ತು ಬಗ್ಗಿಸಿ ನೋಡಬೇಕು, ನೋಡಿದಾಗ ಭುಜ ಇಳಿಯುತ್ತದೆ, ಹಿಡಿತ ಹೋಗುತ್ತದೆ.

ಆಯಿಯ ಹಳೆಯ ಕುಂಕುಮದ ಭರಣಿಯಲ್ಲಿ ಪೆಲೆಟ್ ಹಾಕಿಯೂ ನೋಡಿದೆ. ಎರಡನೆಯ ದಿನವೇ ಅದು ದೇವರ ಕೋಣೆಗೆ ವಾಪಸಾಯಿತು, ನನಗೆ ಬೈಗುಳವೂ ಸಿಕ್ಕಿತು. ಹಾಳೆ ತಟ್ಟೆ ಮಾತ್ರ ನಿರೀಕ್ಷೆಗಿಂತ ಒಳ್ಳೆಯದಿತ್ತು: ಒಳಮೈ ತುಸು ತರಿಯಾದ್ದರಿಂದ ಪೆಲೆಟ್ ಉರುಳಾಡುವುದಿಲ್ಲ, ಖರ್ಚು ಸೊನ್ನೆ. ಹೊಸದಾಗಿ ಕಲಿಯುವವರಿಗೆ ಇದನ್ನೇ ಹೇಳುತ್ತೇನೆ.

ಇನ್ನು ಪೆನ್ನು. ಉದ್ದನೆಯ ನಳಿಕೆ, ಹಿಂದೆ ಸ್ಪ್ರಿಂಗು, ತುದಿಯಲ್ಲಿ ಒಂದೊಂದೇ ಪೆಲೆಟ್ ಇಣುಕುತ್ತದೆ. ಬಂದೂಕಿನ ನಳಿಕೆಯ ಹಿಂಬಾಯಿಗೆ ಒತ್ತಿದರೆ ಮುಗಿಯಿತು, ಬೆರಳಿಗೆ ಸೀಸವೂ ತಾಗುವುದಿಲ್ಲ ಎಂದು ಜಾಹೀರಾತು ಹೇಳಿತ್ತು. ಅದು ಸುಳ್ಳಲ್ಲ, ಆದರೆ ಮಾತೆಲ್ಲ ನಳಿಕೆಯನ್ನು ಕೆಳಗೆ ಬಗ್ಗಿಸಿ ತುಂಬುವ ಏರ್ ರೈಫಲ್ಲಿಗೆ ಸೇರಿದ್ದು. ಅಲ್ಲಿ ನಳಿಕೆಯ ಹಿಂಬಾಯಿ ಪೂರ್ತಿ ತೆರೆದು ಎದುರಿಗೇ ನಿಲ್ಲುತ್ತದೆ. ನನ್ನ ಪಿಸ್ತೂಲಿನಲ್ಲಿ ಲಿವರ್ ಎತ್ತಿದರೆ ಕಾಣುವುದು ದೋಣಿಯಂಥ ಕಿರಿದಾದ ತಗ್ಗು. ಪೆಲೆಟ್ಟನ್ನು ಅದರಲ್ಲಿ ಇಟ್ಟು ಬೆರಳಿನಿಂದ ಮುಂದೆ ತಳ್ಳಬೇಕು. ಪೆನ್ನಿನ ತುದಿ ಆ ತಗ್ಗಿಗೆ ಇಳಿಯುವುದೇ ಇಲ್ಲ. ಓರೆಯಾಗಿ ಹಿಡಿದು ಒತ್ತಿದರೆ ಪೆಲೆಟ್ ಅಡ್ಡ ಬೀಳುತ್ತದೆ, ಕೆಲವೊಮ್ಮೆ ತಿರುಗಿ ಹಿಂದುಮುಂದಾಗಿ ಕೂರುತ್ತದೆ. ಆಮೇಲೆ ಅದನ್ನು ಉಗುರಿನಿಂದ ಎಬ್ಬಿಸಬೇಕು, ಅದಕ್ಕೆ ಬಲಗೈಯೂ ಬೇಕು. ಯಾವುದು ಆಗಬಾರದೆಂದು ದುಡ್ಡು ಕೊಟ್ಟಿದ್ದೆನೋ ಅದೇ ಆಯಿತು.

ಅದಕ್ಕಿಂತ ಹೆಚ್ಚು ತಲೆಕೆಡಿಸಿದ್ದು ಪೆನ್ನನ್ನೇ ತುಂಬುವ ಕೆಲಸ. ಒಂದೊಂದು ಪೆಲೆಟ್ಟನ್ನೂ ಒಂದೇ ದಿಕ್ಕಿಗೆ ತಲೆ ಮಾಡಿ ಪೋಣಿಸಬೇಕು, ಮಲ್ಲಿಗೆ ದಂಡೆ ಕಟ್ಟಿದ ಹಾಗೆ. ಮಧ್ಯೆ ಒಂದು ಉಲ್ಟಾ ಹೋದರೆ ಎಲ್ಲವನ್ನೂ ಹೊರಗೆ ಸುರಿದು ಮೊದಲಿನಿಂದ ಶುರು. ಪೆಲೆಟ್ಟಿನ ಹಿಂಬದಿ ಟೊಳ್ಳು, ಅಂಚು ತೆಳು. ಸ್ಪ್ರಿಂಗ್ ಒತ್ತಿದಾಗ ಹಿಂದಿನದರ ತಲೆ ಮುಂದಿನದರ ಟೊಳ್ಳಿನಲ್ಲಿ ಕಚ್ಚಿಕೊಂಡು ಎರಡೂ ಒಟ್ಟಿಗೆ ಹೊರಬಂದದ್ದುಂಟು. ಅಂಚು ಸೊಟ್ಟಗಾದ ಪೆಲೆಟ್ ನೇರ ಹೋಗುವುದಿಲ್ಲ. ಆಷಾಢದಲ್ಲಿ ಸ್ಪ್ರಿಂಗು ತುಕ್ಕು ಹಿಡಿದು ಸಿಕ್ಕಿಕೊಂಡಿತು, ಅಲ್ಲಿಗೆ ನನ್ನ ತಾಳ್ಮೆಯೂ ಮುಗಿಯಿತು. ಎಣ್ಣೆ ಹಾಕಿ ಸರಿಮಾಡಿ ಹುಡುಗನಿಗೆ ಕೊಟ್ಟೆ. ಅವನ ರೈಫಲ್ಲಿಗೆ ಅದು ಹೇಳಿ ಮಾಡಿಸಿದಂತಿದೆ.

ಸ್ಪಂಜಿನಲ್ಲಿ ಒಂದೊಂದೇ ಪೆಲೆಟ್ ಕೂರಿಸಿ ಮಾರುವ ದುಬಾರಿ ಪೆಟ್ಟಿಗೆಗಳೂ ಇವೆ. ಚೆನ್ನಾಗಿವೆ, ದಿನದ ಅಭ್ಯಾಸಕ್ಕೆ ನನ್ನ ಕಿಸೆ ಒಪ್ಪುವುದಿಲ್ಲ.

ಹಲಸಿನ ತುಂಡಿನ ಆಲೋಚನೆ ಬಂದದ್ದು ಆ ಪೆಟ್ಟಿಗೆ ನೋಡಿಯೇ. ಬಾಗಿಲು ಮಾಡಿ ಉಳಿದ ಚೂರೊಂದನ್ನು ಆಚಾರಿಯ ಮುಂದಿಟ್ಟು, ಸಾಲಿಗೆ 10ರಂತೆ ಆರು ಸಾಲು ತೂತು ಎಂದೆ. "ಹೆಗಡೆಯವರೇ, ಇದೇನು ಚೆನ್ನೆಮಣೆಯಾ?" ಎಂದು ಕೇಳಿದ. ಮೊದಲ ಸಲ ತೂತು ಆಳವಾಗಿ ಪೆಲೆಟ್ ಬಾವಿಗೆ ಬಿದ್ದಂತಾಯಿತು, ಮಣೆ ಬೋರಲು ಹಾಕದೆ ಹೊರಬರಲೇ ಇಲ್ಲ. ತಪ್ಪು ನನ್ನದೇ, ಆಳ ಹೇಳಿರಲಿಲ್ಲ. ಮತ್ತೊಂದು ಮುಖಕ್ಕೆ 5 ಮಿಲಿಮೀಟರ್ ಡ್ರಿಲ್ ಬಿಟ್ಟಿನಲ್ಲಿ 3 ಮಿಲಿಮೀಟರ್ ಆಳಕ್ಕೆ ಕೊರೆಸಿದೆ. ಈಗ ಪೆಲೆಟ್ ತಲೆ ಕೆಳಗೆ ಮಾಡಿ ಕೂರುತ್ತದೆ, ಹಿಂಬದಿ ಮಾತ್ರ ಮೇಲೆ ಕಾಣುತ್ತದೆ. ಹಗುರವಾಗಿ ಹಿಡಿದರೆ ನನ್ನ ಒರಟು ಬೆರಳಿಗೂ ಒಂದೇ ಬರುತ್ತದೆ. ಮಣೆಯನ್ನು ಪಿಸ್ತೂಲಿನ ಎಡಕ್ಕೆ ಒಂದು ಗೇಣು ದೂರದಲ್ಲಿ ದಿನವೂ ಅದೇ ಜಾಗದಲ್ಲಿ ಇಡುತ್ತೇನೆ, ಎರಡು ವಾರದಲ್ಲಿ ಕೈಗೆ ದಾರಿ ಗೊತ್ತಾಯಿತು. ಕಣ್ಣು ಗುರಿಫಲಕದ ಕಡೆಗೇ ಇರುತ್ತದೆ.

ಎಣಿಕೆಯ ಲಾಭವನ್ನು ನಾನು ಯೋಚಿಸಿಯೇ ಇರಲಿಲ್ಲ. ಒಂದು ಸಾಲು ಖಾಲಿಯಾದರೆ 10 ಹೊಡೆತದ ಒಂದು ಸರಣಿ ಮುಗಿಯಿತು. ಮಣೆಯ ಅರ್ಧ ಖಾಲಿಯಾದಾಗ ಗಡಿಯಾರ 37 ನಿಮಿಷ ದಾಟಿದ್ದರೆ ನಾನು ಹಿಂದೆ ಬಿದ್ದಿದ್ದೇನೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಅವರ ಪಿಸ್ತೂಲ್ ಕೈಕೊಟ್ಟು ನಿಮಿಷಗಳು ಹಾಗೇ ಸೋರಿಹೋದದ್ದನ್ನು ಟಿ.ವಿ.ಯಲ್ಲಿ ನೋಡಿದ ಮೇಲೆ, ಕೊನೆಗೆ ಒಂದಿಷ್ಟು ಸಮಯ ಉಳಿಸಿಕೊಳ್ಳುವುದು ನನಗೆ ರೂಢಿಯಾಗಿದೆ.

ಮಣೆಗೂ ಒಂದು ದೋಷವಿದೆ: ಮಳೆಗಾಲದಲ್ಲಿ ಬೂಸ್ಟು ಬರುತ್ತದೆ. ಕೊಬ್ಬರಿ ಎಣ್ಣೆ ಸವರಿ ನೋಡಿದೆ, ಪೆಲೆಟ್ ಜಾರತೊಡಗಿತು. ಅಡುಗೆಮನೆಯ ಒಲೆಯ ಮೇಲಿಡಲು ಹೆಂಡತಿ ಬಿಡಲಿಲ್ಲ, ಸೀಸ ತಾಗಿದ ವಸ್ತು ಎಂದು. ಅವಳ ಮಾತು ಸರಿ, ಹೊಡೆದಾದ ಮೇಲೆ ನಾನೂ ಸೋಪು ಹಚ್ಚಿ ಕೈ ತೊಳೆಯದೆ ಚಹಾ ಮುಟ್ಟುವುದಿಲ್ಲ. ಈಗ ಮಣೆ ಬಚ್ಚಲ ಒಲೆಯ ಪಕ್ಕದ ಗೂಡಿನಲ್ಲಿ ಬೆಚ್ಚಗಿರುತ್ತದೆ.

ರೈಫಲ್ ಇದ್ದವರು ಪೆನ್ನು ಕೊಳ್ಳಲಿ. ಪಿಸ್ತೂಲಿನವರು ಹತ್ತಿರದ ಆಚಾರಿಯನ್ನು ಹುಡುಕಲಿ, ತೂತಿನ ಆಳವನ್ನು ಮಾತ್ರ ಮೊದಲೇ ಹೇಳಲಿ.