ಕುಮಟಾದ ಗಾಳಿಯಲ್ಲಿ ರೇಸ್ ಬ್ರೇಕ್ ಆಯಿಲ್: ನಾಲ್ಕು ವರ್ಷ ಬಳಸಿದ ಮೇಲೆ

ನನ್ನದು ಪೆಟ್ರೋಲ್ ಸ್ವಿಫ್ಟ್. ಮನೆ ಕುಮಟಾದಲ್ಲಿ. ಕೆಲಸದ ಮೇಲೆ ವಾರಕ್ಕೆ ಎರಡು ಸಲವಾದರೂ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗಿ ಬರುತ್ತೇನೆ. ವರ್ಷಕ್ಕೊಮ್ಮೆ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಅದೇ ಕಾರು ತಗೊಂಡು ಹೋಗಿ, ಒಂದು ದಿನ ಮನಸಾರೆ ಓಡಿಸುತ್ತೇನೆ. ನಾಲ್ಕು ವರ್ಷದಿಂದ ಹಾಕುತ್ತಿರುವ ಬ್ರೇಕ್ ಆಯಿಲ್ ಮೋಟುಲ್ ಆರ್‌ಬಿಎಫ್ 600. ಚಕ್ರದ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಮಾತ್ರ ಎರಡು ಥರದ್ದು ಹಾಕಿ ನೋಡಿದೆ.

ಈ ಆಯಿಲ್ ಹಾಕುವ ಮೊದಲು ಒಂದು ಸಲ ಟ್ರ್ಯಾಕಿಗೆ ಹೋಗಿದ್ದೆ. ನಾಲ್ಕನೇ ಸುತ್ತು. ಉದ್ದದ ನೇರ ದಾರಿ ಮುಗಿದು ತಿರುವು ಬಂತು, ಬ್ರೇಕ್ ಒತ್ತಿದೆ. ಪೆಡಲ್ ಎರಡು ಬೆರಳು ಜಾಸ್ತಿಯೇ ಕೆಳಗೆ ಹೋಯಿತು. ಮುಂದಿನ ತಿರುವಿನಲ್ಲಿ ಒದ್ದೆ ಸ್ಪಂಜಿನ ಮೇಲೆ ಕಾಲಿಟ್ಟ ಹಾಗಾಯಿತು. ಗೇರ್ ಇಳಿಸಿ, ಪೆಡಲ್ ಪಂಪ್ ಮಾಡುತ್ತಾ ಹೇಗೋ ಟ್ರ್ಯಾಕಿನ ಪಕ್ಕ ಕಾರು ನಿಲ್ಲಿಸುವ ಪಿಟ್ ಸೇರಿದೆ. ಅಲ್ಲಿ ಒಬ್ಬ ಮೆಕ್ಯಾನಿಕ್ ಕ್ಯಾಲಿಪರಿನ (ಚಕ್ರದ ಹತ್ತಿರ ಪ್ಯಾಡನ್ನು ಒತ್ತುವ ಭಾಗ) ನಿಪ್ಪಲ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಏರ್ ತೆಗೆದ. ಪೈಪಿನೊಳಗೆ ಬಂದದ್ದು ಕಷಾಯದ ಬಣ್ಣದ ಆಯಿಲ್, ನಡುನಡುವೆ ಗುಳ್ಳೆ. ಹೊರಡುವ ಹಿಂದಿನ ವಾರವಷ್ಟೇ ನಮ್ಮ ಕಡೆಯ ಒಂದು ಗ್ಯಾರೇಜಿನಲ್ಲಿ ಆಯಿಲ್ ಬದಲಿಸಲು ದುಡ್ಡು ಕೊಟ್ಟಿದ್ದೆ. ಅವರು ಮೇಲಿನ ಡಬ್ಬಿಯದ್ದನ್ನು ಮಾತ್ರ ತೆಗೆದು ಹೊಸದು ಸುರಿದಿದ್ದರು. ಚಕ್ರದ ಹತ್ತಿರ ಹಳೆಯದೇ ಉಳಿದಿತ್ತು. ಬಿಸಿಯಾಗುವುದು ಅಲ್ಲೇ ಅಲ್ವಾ? ಈಗ ಯಾವ ಗ್ಯಾರೇಜಿಗೆ ಹೋದರೂ ನಾಲ್ಕೂ ಚಕ್ರದ ನಿಪ್ಪಲ್‌ನಿಂದ ಹೊಸ ಬಣ್ಣದ ಆಯಿಲ್ ಬರುವವರೆಗೆ ಪಕ್ಕದಲ್ಲೇ ನಿಂತಿರುತ್ತೇನೆ.

ವೇಗ 60ರಿಂದ 120ಕ್ಕೆ ಏರಿದರೆ, ನಿಲ್ಲಿಸುವಾಗ ಹುಟ್ಟುವ ಬಿಸಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆ ಬಿಸಿಗೆ ಆಯಿಲ್ ಕುದಿದರೆ ಲೈನಿನೊಳಗೆ ಆವಿ ತುಂಬುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ನಿಮ್ಮ ಕಾಲಿನ ಬಲವೆಲ್ಲ ಅದಕ್ಕೇ ಹೋಗುತ್ತದೆ. ಡಾಟ್ 4 ಅನ್ನುವುದು ಬ್ರೇಕ್ ಆಯಿಲ್‌ನ ಒಂದು ದರ್ಜೆ; ಅಂಥದ್ದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಅದೇ ಲೆಕ್ಕ 155ಕ್ಕೆ ಇಳಿಯುತ್ತದೆ. ಆರ್‌ಬಿಎಫ್ 600 ಹೊಸದಾಗಿದ್ದಾಗ 312, ನೀರು ಸೇರಿದ ಮೇಲೂ 200ರ ಮೇಲೆ.

ನಮ್ಮ ಕರಾವಳಿಯವರು ನೋಡಬೇಕಾದದ್ದು ಈ ಎರಡನೇ ಸಂಖ್ಯೆ. ಹಲಸಿನ ಹಪ್ಪಳದ ಡಬ್ಬಿ ಮುಚ್ಚಳ ಸಡಿಲವಿದ್ದರೆ ಜೂನ್‌ನಲ್ಲಿ ಏನಾಗುತ್ತದೆ ಅಂತ ಎಲ್ಲರಿಗೂ ಗೊತ್ತು. ಬ್ರೇಕ್ ಆಯಿಲೂ ಹಾಗೇ ಗಾಳಿಯ ತೇವ ಹೀರುತ್ತದೆ. ರಬ್ಬರ್ ಹೋಸ್ ಮೂಲಕವೂ ನಿಧಾನಕ್ಕೆ ತೇವ ಒಳಗೆ ಹೋಗುತ್ತದೆ. ಅದಕ್ಕೇ ಒಂದು ಮಳೆಗಾಲ ಕಂಡ ಆಯಿಲ್‌ನಲ್ಲಿ ನಾನು ಟ್ರ್ಯಾಕಿಗೆ ಇಳಿಯುವುದಿಲ್ಲ. ಹೊರಡುವ ವಾರ ಅರ್ಧ ಲೀಟರಿನ ಎರಡು ಬಾಟಲಿ ತಂದು ಪೂರ್ತಿ ಬದಲಿಸುತ್ತೇನೆ. ಉಳಿದದ್ದನ್ನು ಮುಂದಿನ ವರ್ಷಕ್ಕೆ ಇಡುವುದಿಲ್ಲ. ಮಾಮೂಲಿ ಡಾಟ್ 4ಕ್ಕಿಂತ ದುಬಾರಿ, ನಿಜ. ಆದರೆ ನಾಲ್ಕು ವರ್ಷದಲ್ಲಿ ಒಮ್ಮೆಯೂ ಪೆಡಲ್ ಕುಸಿದಿಲ್ಲ. ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಪೇಂಟ್ ಕಿತ್ತುಬರುತ್ತದೆ. ಇನ್ನು ಡಾಟ್ 5 ಸಿಲಿಕೋನ್‌ನದ್ದು, ಡಾಟ್ 5.1 ಸಿಲಿಕೋನ್‌ನದ್ದಲ್ಲ. ಸಿಲಿಕೋನ್‌ನದ್ದನ್ನು ಇದಕ್ಕೆ ಬೆರೆಸಲೇಬಾರದು.

ಪ್ಯಾಡಿನ ತೊಂದರೆಯೇ ಬೇರೆ. ಬಿಸಿಗೆ ಪ್ಯಾಡ್ ಸೋತರೆ ಪೆಡಲ್ ಗಟ್ಟಿಯಾಗೇ ಇರುತ್ತದೆ, ಕಾರು ಮಾತ್ರ ನಿಲ್ಲುವುದಿಲ್ಲ. ನಾನು ಮೊದಲು ಪಕ್ಕಾ ರೇಸಿನ ಪ್ಯಾಡ್ ಹಾಕಿಸಿದ್ದೆ. ಟ್ರ್ಯಾಕಿನಲ್ಲಿ ಅದ್ಭುತ. ಆಮೇಲೆ ಆಗಸ್ಟ್‌ನ ಒಂದು ಬೆಳಿಗ್ಗೆ ದೇವಿಮನೆ ಇಳಿಯುತ್ತಿದ್ದೆ. ಮಂಜು, ಸಣ್ಣ ಮಳೆ, ತಿರುವಿನಾಚೆ ರಸ್ತೆ ಮಧ್ಯೆ ಎಮ್ಮೆ. ಬ್ರೇಕ್ ಒತ್ತಿದರೆ ಹಿಡಿಯಲೇ ಇಲ್ಲ. ಪ್ಯಾಡ್ ಇನ್ನೂ ತಣ್ಣಗಿತ್ತು, ಒದ್ದೆಯಾಗಿತ್ತು. ಎರಡನೇ ಗೇರಿನಲ್ಲಿದ್ದೆ, ಹಾಗಾಗಿ ಎಮ್ಮೆಗೆ ಒಂದು ಮಾರು ದೂರದಲ್ಲಿ ಕಾರು ನಿಂತಿತು. ಅದೇ ವಾರ ಆ ಪ್ಯಾಡ್ ತೆಗೆಸಿದೆ. ಈಗ ಇರುವುದು ರಸ್ತೆಗೂ ಟ್ರ್ಯಾಕಿಗೂ ಆಗುವ ಥರದ್ದು. ಕೊಳ್ಳುವಾಗ ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ ಅಂತ ಮಾತ್ರ ಕೇಳಬೇಡಿ, ಎಷ್ಟು ಡಿಗ್ರಿಯಿಂದ ಹಿಡಿಯಲು ಶುರುಮಾಡುತ್ತದೆ ಅಂತಲೂ ಕೇಳಿ. ಟ್ರ್ಯಾಕಿನಲ್ಲಿ ಇದು ಆರೇಳು ಸುತ್ತಿಗೆ ಸಾಕಾಗುತ್ತದೆ. ಆಮೇಲೆ ಒಂದು ಸುತ್ತು ನಿಧಾನಕ್ಕೆ ಹೋಗಿ ತಣಿಸುತ್ತೇನೆ.

ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಬೇಕು. ನಾನು ಬೆಳಗಿನ ಜಾವ ಅಂಕೋಲಾ ಕಡೆಯ ಹೈವೇಯಲ್ಲಿ, ಹಿಂದೆ ಯಾರೂ ಇಲ್ಲದಾಗ, 80ರಿಂದ 20ಕ್ಕೆ ಹತ್ತು ಸಲ ಇಳಿಸಿದೆ. ಪೂರ್ತಿ ನಿಲ್ಲಿಸಲಿಲ್ಲ. ಟ್ರ್ಯಾಕಿನಲ್ಲೂ ಅಷ್ಟೇ, ಪಿಟ್‌ಗೆ ಬಂದ ಮೇಲೆ ಪೆಡಲ್ ಒತ್ತಿಕೊಂಡು ನಿಲ್ಲಬೇಡಿ. ಬಿಸಿ ಡಿಸ್ಕಿನ ಮೇಲೆ ಪ್ಯಾಡ್ ಒಂದೇ ಕಡೆ ಅಂಟಿ, ಆಮೇಲೆ ಬ್ರೇಕ್ ಒತ್ತಿದಾಗಲೆಲ್ಲ ಸ್ಟೇರಿಂಗ್ ನಡುಗುತ್ತದೆ. ಹ್ಯಾಂಡ್‌ಬ್ರೇಕೂ ಬೇಡ. ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಒಂದು ಕಲ್ಲು ಕೊಡಿ.