ಸುರಂಗಕ್ಕೆ ಸೆಲ್ಫ್ ರೆಸ್ಕ್ಯೂಯರ್ ತರುವವರು ಇದನ್ನೊಮ್ಮೆ ಓದಿ

ಕಾಸರಗೋಡಿನ ಬಾಯಾರು ಕಡೆಯ ಎಷ್ಟೋ ಮನೆಗಳ ಹಾಗೆ ನಮ್ಮ ತೋಟಕ್ಕೂ ಗುಡ್ಡಕ್ಕೆ ಅಡ್ಡಲಾಗಿ ತೋಡಿದ ಸುರಂಗದ ನೀರೇ. ಮುರಕಲ್ಲು ಕೊರೆದು ಮಾಡಿದ, ಒಬ್ಬ ಬಗ್ಗಿ ಹೋಗುವಷ್ಟೇ ಜಾಗ. ಹೂಳು ತೆಗೆಯಲು ನಾನೇ ಒಳಗೆ ಹೋಗುವುದು. ಕೈಯಲ್ಲಿ ಮೇಣದ ಬತ್ತಿ ಇರುತ್ತದೆ, ಅದು ಮಂಕಾದರೆ ತಿರುಗಿ ಬರಬೇಕು. ಕಳೆದ ಸಲ ಬತ್ತಿ ಪೂರ್ತಿ ಆರಿ, ಎದೆ ಬಿಗಿದು, ಹೇಗೋ ತೆವಳಿಕೊಂಡು ಹೊರಗೆ ಬಿದ್ದೆ. ಆಮೇಲೆ ಗಣಿಯವರು ಸೊಂಟಕ್ಕೆ ಕಟ್ಟುವ ಸೆಲ್ಫ್ ರೆಸ್ಕ್ಯೂಯರ್ ತರಿಸಿದೆ, ಅಂದರೆ ಕೆಟ್ಟ ಗಾಳಿಯಿಂದ ತಪ್ಪಿಸಿಕೊಂಡು ಬರುವಷ್ಟು ಹೊತ್ತು ಉಸಿರಾಡಲು ಇರುವ ಡಬ್ಬ.

ಮೊದಲು ಬಂದದ್ದು ಫಿಲ್ಟರ್‌ನದ್ದು. ಅಂಗಡಿಯವರು "ಗಣಿಯ ಸಾಮಾನು, ಎಲ್ಲಾ ಕಡೆ ಆಗ್ತದೆ" ಅಂದಿದ್ದರು. ಹಟ್ಟಿ ಚಿನ್ನದ ಗಣಿಯಲ್ಲಿರುವ ಭಾವ ರಜೆಗೆ ಬಂದವನು ಡಬ್ಬ ತಿರುಗಿಸಿ ನೋಡಿ, "ಇದನ್ನು ನಂಬಿ ಸುರಂಗಕ್ಕೆ ಹೋಗಬೇಡ ಭಾವ" ಅಂದ. ಅದರೊಳಗೆ ಇರುವುದು ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡ್. ಬೆಂಕಿಯ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡನ್ನು ಅದು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ, ಅಷ್ಟೇ. ಆಮ್ಲಜನಕ ಕೊಡುವುದಿಲ್ಲ. ನಮ್ಮ ಸುರಂಗದಲ್ಲಿ ಕಡಿಮೆಯಾಗುವುದೇ ಅದು ಅಲ್ವಾ! ಹೊರಗಿನ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21 ಪಾಲು, ಒಳಗೆ ಅದು ಇಳಿದಿದ್ದರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ.

ಎರಡನೆಯದು ಆಮ್ಲಜನಕ ತಾನೇ ತಯಾರಿಸುವಂಥದ್ದು, 30 ನಿಮಿಷದ್ದು. ಒಳಗೆ ಪೊಟ್ಯಾಸಿಯಂ ಸೂಪರ್ ಆಕ್ಸೈಡ್ ಇರುತ್ತದೆ. ನಾವು ಬಿಡುವ ಉಸಿರಿನ ತೇವ ಮತ್ತು ಕಾರ್ಬನ್ ಡೈಆಕ್ಸೈಡ್ ತಾಗಿ ಅದರಿಂದ ಆಮ್ಲಜನಕ ಬರುತ್ತದೆ, ಎದೆ ಮೇಲಿನ ಚೀಲ ಉಬ್ಬುತ್ತದೆ. ಸೀಲ್ ಒಮ್ಮೆ ಒಡೆದರೆ ಮುಗಿಯಿತು, ಅದಕ್ಕೆ ಅಭ್ಯಾಸಕ್ಕೆಂದೇ ಬರುವ ಖಾಲಿ ಡಬ್ಬದಲ್ಲಿ ಭಾವ ಕಲಿಸಿದ. ಮುಚ್ಚಳ ಕೀಳಬೇಕು, ರಬ್ಬರ್ ತುಂಡನ್ನು ಹಲ್ಲಿನಲ್ಲಿ ಕಚ್ಚಿ ತುಟಿ ಬಿಗಿ ಮಾಡಬೇಕು, ಮೂಗಿಗೆ ಕ್ಲಿಪ್ ಹಾಕಬೇಕು. ಮೊದಲ ಸಲ ನನ್ನ ಬೆವರಿದ ಮೂಗಿನಿಂದ ಕ್ಲಿಪ್ ಎರಡು ಸಲ ಜಾರಿತು. ಕಣ್ಣು ಮುಚ್ಚಿ ಮಾಡಿ ನೋಡಿ, ಕತ್ತಲಲ್ಲಿ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ನಿಜವಾದದ್ದರಲ್ಲಿ ಉಸಿರು ಬಿಸಿಯಾಗುತ್ತದಂತೆ, ಬಿಸಿ ಅಂತ ಗಾಬರಿಯಾಗಿ ಬಾಯಿಂದ ತೆಗೆಯಲೇಬಾರದು.

2006ರಲ್ಲಿ ಅಮೆರಿಕದ ಸಾಗೋ ಕಲ್ಲಿದ್ದಲು ಗಣಿಯಲ್ಲಿ 12 ಮಂದಿ ಸತ್ತರು. ಕನಿಷ್ಠ ನಾಲ್ಕು ಡಬ್ಬ ಕೆಲಸ ಮಾಡಲಿಲ್ಲ ಅಂತ ಬದುಕಿ ಬಂದ ಒಬ್ಬನೇ ಒಬ್ಬ ಹೇಳಿದ. ಅದಕ್ಕೇ ಸುಮ್ನೆ ತಂದು ಗೂಟಕ್ಕೆ ನೇತುಹಾಕಬೇಡಿ, ತಾರೀಕು ಮತ್ತು ಸೀಲ್ ನೋಡುತ್ತಾ ಇರಿ.

ಇದು ಹೊರಗೆ ಓಡಿ ಬರಲಿಕ್ಕೆ ಮಾತ್ರ. ಹಾಕಿಕೊಂಡು ಹೂಳು ತೆಗೆಯುವುದಕ್ಕಾಗಲಿ, ಬಾವಿಗೆ ಬಿದ್ದವರನ್ನು ಎತ್ತುವುದಕ್ಕಾಗಲಿ ಅಲ್ಲ. ಯಾರಾದರೂ ಬಿದ್ದರೆ ಅಗ್ನಿಶಾಮಕದವರ 101ಕ್ಕೆ ಫೋನ್ ಮಾಡಿ. ಡೀಸೆಲ್ ಪಂಪ್ ಓಡಿಸಿದ ಬಾವಿಗಂತೂ ಬತ್ತಿ ನಂಬಿ ಇಳಿಯಲೇಬೇಡಿ, ಕಾರ್ಬನ್ ಮೊನಾಕ್ಸೈಡ್ ಇದ್ದರೂ ಬತ್ತಿ ಉರಿಯುತ್ತಲೇ ಇರುತ್ತದೆ.

ಫಿಲ್ಟರ್ ಡಬ್ಬವನ್ನು ಅಂಗಡಿಯವರು ವಾಪಸ್ ತೆಗೆದುಕೊಂಡಿಲ್ಲ. ಮನೆಯವರು ಯಾರೂ ತಪ್ಪಿ ಎತ್ತಿಕೊಂಡು ಹೋಗಬಾರದು ಅಂತ ಅದರ ಮೇಲೆ "ಸುರಂಗಕ್ಕೆ ಅಲ್ಲ" ಅಂತ ಕೆಂಪು ಬಣ್ಣದಲ್ಲಿ ಬರೆದಿದ್ದೇನೆ.